ಸಿರುಗುಪ್ಪದ ತೆಲುಗು ತರಗತಿ ಮತ್ತು ತೆಕ್ಕಲಕೋಟೆಯ ಅಯ್ಯಣ್ಣನವರು

ಬಳ್ಳಾರಿ ಸೀಮೆಯ ಸಾರ್ವಜನಿಕ ಜೀವನದಲ್ಲಿ ದೊಡ್ಡ ಮಾತಾಡಿದವರಿಗೆ ಎಂದೂ ಕೊರತೆಯಿಲ್ಲ. ದೊಡ್ಡ ಮಾತನ್ನು ಊರಿನ ಅಳತೆಗೆ ಇಳಿಸಿ, ಬಾವಿಕಟ್ಟೆಯ ಮೇಲೆ ಕುಳಿತವರಿಗೂ ತಿಳಿಯುವಂತೆ ಹೇಳಿದವರು ಮಾತ್ರ ಕಡಿಮೆ. ಆ ವಿರಳ ಪಂಕ್ತಿಯಲ್ಲಿ ತೆಕ್ಕಲಕೋಟೆಯ ಶ್ರೀ ಅಯ್ಯಣ್ಣನವರ ಹೆಸರು ಮುಂದೆಯೇ ಬರುತ್ತದೆ. ಅರವತ್ತು ತುಂಬಿದ ಈ ಹಿರಿಯರು ವಯಸ್ಸಾಯಿತೆಂದು ಜಿಲ್ಲಾ ಬೋರ್ಡಿನ ಸದಸ್ಯತ್ವದಿಂದ ನಿವೃತ್ತರಾದರೆಂದು ಸಮಾರಂಭದ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದು ಸೌಜನ್ಯದ ಮಾತು. ಅವರು ಬೋರ್ಡು ಬಿಟ್ಟದ್ದು ಸಿರುಗುಪ್ಪದ ಶಾಲೆಯ ಒಂದು ತೆಲುಗು ತರಗತಿಯನ್ನು ಉಳಿಸಲಿಕ್ಕೆ ಎಂಬುದು ತಾಲ್ಲೂಕಿಗೆಲ್ಲ ಗೊತ್ತು. ಗೊತ್ತಿದ್ದದ್ದನ್ನು ಈ ಅಭಿನಂದನ ಸಂಪುಟದಲ್ಲಿ ಬಿಟ್ಟರೆ ಅಭಿನಂದನೆ ಯಾವುದಕ್ಕೆಂದು ಓದುಗರು ಕೇಳಿಯಾರು.

ರಾಷ್ಟ್ರದ ಪ್ರಶ್ನೆಗಳ ಬಗ್ಗೆ ಅವರ ಅಭಿಪ್ರಾಯಗಳು ಪುಸ್ತಕದಿಂದ ಬಂದವಲ್ಲ. ನಲವತ್ತೆರಡರ ಚಳವಳಿಯಲ್ಲಿ ಸೆರೆಮನೆ ಕಂಡು ಬಂದವರು, ಬಂದ ವರ್ಷವೇ ಹಗರಿ ಹೊಳೆಯ ದಂಡೆಯ ಹಳ್ಳಿಗಳಲ್ಲಿ ಕಾಲರಾ ಎದ್ದಾಗ ಪಂಚೆ ಎತ್ತಿ ಕಟ್ಟಿ ಹೂಳೆತ್ತಲು ಬಾವಿಗಿಳಿದರು. ಮೇಲೆ ನಿಂತು ಸ್ವರಾಜ್ಯದ ಮಾತಾಡುತ್ತಿದ್ದ ಯುವಕರಿಗೆ ಕೆಳಗಿನಿಂದಲೇ ಕೂಗಿ, “ಸ್ವರಾಜ್ಯ ಬರ್ತೈತಿ ಬಿಡ್ರಪ್ಪ, ಅಲ್ಲೀತನ ಹಗ್ಗ ಜಗ್ರಿ. ರಾಡಿ ತುಂಬಿದ ಬುಟ್ಟಿ ತಾನಾ ಮ್ಯಾಲೆ ಬರಂಗಿಲ್ಲ” ಎಂದರಂತೆ. ಯುದ್ಧಕಾಲದ ಕಂಟ್ರೋಲಿನಲ್ಲಿ ಹುಳುಬಿದ್ದ ಜೋಳ ಹಂಚಿಕೆಯಾದಾಗ ಮನವಿಪತ್ರ ಬರೆಯುವ ಬದಲು, ಪತ್ನಿ ಹೊನ್ನೂರಮ್ಮನವರಿಂದ ಅದೇ ಜೋಳದ ರೊಟ್ಟಿ ತಟ್ಟಿಸಿ, ಬಳ್ಳಾರಿಗೆ ಒಯ್ದು, ಪಡಿತರದ ಅಧಿಕಾರಿಯ ಮೇಜಿನ ಮೇಲೆ ಬಿಚ್ಚಿಟ್ಟರು. “ನಮ್ಮನಿಯಾಕಿ ಮಾಡ್ಯಾಳ. ಒಂದು ತಿಂದು ನೋಡ್ರಿ, ಆಮ್ಯಾಲೆ ಮಾತಾಡೋಣು” ಎಂದರು. ಅಧಿಕಾರಿ ತಿನ್ನಲಿಲ್ಲ, ಜೋಳ ಬದಲಾಯಿತು.

ತಪ್ಪುಗಳೂ ಇದ್ದವು. ದೇವಾಲಯ ಪ್ರವೇಶದ ಕಾನೂನು ಬಂದಾಗ ಊರ ಹಿರಿಯರ ಮುಖ ನೋಡಿ ಅವರು ಬಹಳ ದಿನ ಸುಮ್ಮನಿದ್ದರು. ಅದನ್ನು ಮುಚ್ಚಿಟ್ಟು ಹೊಗಳಿದರೆ ಮೊದಲು ಸಿಟ್ಟಾಗುವವರು ಅವರೇ. ಸಿಟ್ಟು ಅವರಿಗೆ ಬೇಗ ಬರುತ್ತಿತ್ತು, ಹೋಗಲು ತಡವಾಗುತ್ತಿತ್ತು.

ಸಿರುಗುಪ್ಪದ ತೆಲುಗು ತರಗತಿಯ ಶಿಕ್ಷಕಿ ಯಂಕಮ್ಮನವರು ಅವರನ್ನು ಮೊದಲು ಕಂಡದ್ದು ಅಂಥದೊಂದು ಸಿಟ್ಟಿನಲ್ಲಿಯೇ. ನದಿಯಾಚೆಯ ನಿಜಾಮನ ಸೀಮೆಯಲ್ಲಿ ಗಲಭೆ ಹೆಚ್ಚಿ, ಜನ ಹರಿಗೋಲು ಹತ್ತಿ ತುಂಗಭದ್ರೆ ದಾಟಿ ಬರುತ್ತಿದ್ದ ಕಾಲ ಅದು. ತೆಲುಗು ಮನೆಮಾತಿನ ಯಂಕಮ್ಮ, ಗಂಡನನ್ನು ಕಳೆದುಕೊಂಡು, ಒಂದು ಗಂಟು ಬಟ್ಟೆಯೊಂದಿಗೆ ಬಂದಿಳಿದವರು. ಸಿರುಗುಪ್ಪದ ಬೋರ್ಡು ಶಾಲೆಯ ನಿರಾಶ್ರಿತರ ಶಿಬಿರದಲ್ಲಿ ಎಲ್ಲ ಜಾತಿಯವರಿಗೂ ಒಂದೇ ಒಲೆ ಹೂಡಿದ್ದನ್ನು ಕಂಡು ಊರಿನ ಕೆಲವರು ಆಕ್ಷೇಪಿಸಿದಾಗ, ಅಯ್ಯಣ್ಣನವರು ಸಿಟ್ಟಿನಿಂದಲೇ ಪಂಕ್ತಿಯ ನಡುವೆ ಕುಳಿತು, ಎಲೆ ಎಳೆದುಕೊಂಡು, “ನೀಡ್ರಿ” ಎಂದರು. ಎರಡನೆಯ ಸಲ ಸಾರು ಹಾಕಿಸಿಕೊಳ್ಳುವ ಹೊತ್ತಿಗೆ ಆಕ್ಷೇಪಿಸಿದವರು ಹೋಗಿಯಾಗಿತ್ತು.

ಶಿಬಿರದ ಮಕ್ಕಳ ಗದ್ದಲ ತಾಳದೆ ಯಂಕಮ್ಮ ಆ ಮಕ್ಕಳನ್ನು ಮೂಲೆಗೆ ಕೂರಿಸಿ ಮಣ್ಣಿನ ಮೇಲೆ ತೆಲುಗು ಅಕ್ಷರ ತಿದ್ದಿಸತೊಡಗಿದ್ದರು. ಅದನ್ನು ಕಂಡ ಅಯ್ಯಣ್ಣನವರು ಕೇಳಿದರು: “ಸಾಲಿ ಎಷ್ಟ್ ಕಲ್ತೀಯಮ್ಮ?”

“ನಾ ಕಲ್ತದ್ದು ಇವಕ್ಕ ಸಾಕಾಗ್ತೈತ್ರಿ. ಇವು ಕಲ್ತ ಮ್ಯಾಲೆ ನನಗ ಸಾಕಾಗಂಗಿಲ್ಲ.”

ಆ ಉತ್ತರ ಅವರಿಗೆ ಹಿಡಿಸಿತು. ನದಿಯಾಚೆ ಶಾಂತಿಯಾಗಿ ಶಿಬಿರ ಖಾಲಿಯಾದರೂ ಯಂಕಮ್ಮ ಹಿಂದಿರುಗಲಿಲ್ಲ. ಕಾಲುವೆ ಕೆಲಸಕ್ಕೆ ಬಂದ ತೆಲುಗು ಕೂಲಿಕಾರರ ಮಕ್ಕಳೂ ಸೇರಿ, ಅದೇ ಶಾಲೆಯ ಹಿಂದಿನ ಕೋಣೆಯಲ್ಲಿ ತೆಲುಗು ತರಗತಿಯೊಂದು ನಿಂತಿತು. ಯಂಕಮ್ಮನವರನ್ನು ಶಿಕ್ಷಕಿಯಾಗಿ ನೇಮಿಸಲು ಬೋರ್ಡಿನಲ್ಲಿ ವಾದಿಸಿದವರು ಅಯ್ಯಣ್ಣನವರು. ಬಿಡುವಿನಲ್ಲಿ ತರಬೇತಿ ಪರೀಕ್ಷೆ ಕಟ್ಟುವಂತೆ ಗದರಿದವರೂ ಅವರೇ.

ಮುಂದೆ ಆಂಧ್ರ ರಾಜ್ಯ ಬೇರೆಯಾಗುವ ಮಾತೆದ್ದು, ಬಳ್ಳಾರಿ ಯಾರ ಪಾಲಿಗೆ ಎಂಬ ಪ್ರಶ್ನೆ ಮನೆಮನೆಯ ಜಗಲಿಗೆ ಬಂತು. ನಮ್ಮ ತಾಲ್ಲೂಕುಗಳು ಮೈಸೂರಿಗೆ ಸೇರಬೇಕೆಂದು ಅಯ್ಯಣ್ಣನವರು ಊರೂರು ತಿರುಗಿದರು. ಪ್ರತಿ ಸಭೆಯಲ್ಲಿಯೂ ಕನ್ನಡದಲ್ಲಿ ಹೇಳಿದ್ದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳುವುದು ಅವರ ಪದ್ಧತಿ. ಮೈಸೂರಿಗೆ ಏಕೆ ಸೇರಬೇಕೆಂಬುದನ್ನೂ ಅವರು ತೆಲುಗಿನವರಿಗೆ ತೆಲುಗಿನಲ್ಲಿಯೇ ವಿವರಿಸಿದರು. ಕೇಳುತ್ತಿದ್ದ ಯಂಕಮ್ಮನಿಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು. ಊರು ಯಾವುದಕ್ಕಾಗಿ ಹರಕೆ ಹೊತ್ತಿತ್ತೋ ಅದು ಕೈಗೂಡಿದರೆ ಅವರ ತರಗತಿಗೆ ಬೀಗ ಬೀಳುವ ಸಂಭವವಿತ್ತು.

ಗಡಿ ನಿರ್ಧರಿಸಲು ಬಂದ ಅಧಿಕಾರಿಗಳು ಬಳ್ಳಾರಿಯಲ್ಲಿ ವಿಚಾರಣೆ ನಡೆಸಿದಾಗ ಸಿರುಗುಪ್ಪದವರ ಬಂಡಿಗಳ ಜೊತೆ ಯಂಕಮ್ಮನವರೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ಕನ್ನಡದ ಪರ ಸಾಕ್ಷಿಗಳನ್ನು ಸಿದ್ಧಪಡಿಸಿದ್ದವರು ವಕೀಲರೂ ಬೋರ್ಡಿನ ಸದಸ್ಯರೂ ಆದ ನರಸಿಂಹರಾಯರು. ಕುರುಗೋಡಿನ ಶೇಂಗಾ ಬೆಳೆಗಾರ ಪಾಲಯ್ಯನ ಸರದಿ ಬಂತು. ಮನೆಮಾತು ಕನ್ನಡವೆಂದು ಅವನು ಗಟ್ಟಿಯಾಗಿಯೇ ಹೇಳಿದ. ಅಧಿಕಾರಿಗಳು ಸಹಜವಾಗಿ, ಈ ಸಲ ಎಷ್ಟು ಚೀಲ ಬೆಳೆದೆ ಎಂದು ದುಭಾಷಿಯ ಮೂಲಕ ಕೇಳಿದರು. ಪಾಲಯ್ಯ ಕಣ್ಣು ಮುಚ್ಚಿ, ಬ್ರೂಸ್‌ಪೇಟೆಯ ಮಂಡಿಯಲ್ಲಿ ಚೀಲ ಇಳಿಸಿದ್ದನ್ನು ನೆನೆಯುತ್ತ, ಬೆರಳು ಮಡಚಿ ಎಣಿಸತೊಡಗಿದ: “ಲಾಭಂ... ರೆಂಡು... ಮೂಡು... ನಾಲುಗು...”

ಮಂಡಿಯ ಹಮಾಲರು ಒಂದು ಎನ್ನದೆ ಶುಭಕ್ಕೆ ಲಾಭಂ ಎಂದು ಹಿಡಿದು ತೆಲುಗಿನಲ್ಲಿ ಎಣಿಸುವುದು ರೂಢಿ. ಸುತ್ತಲಿನ ಕನ್ನಡ ರೈತರ ನಾಲಗೆಗೂ ಎಣಿಕೆ ಎಂದರೆ ಅದೇ. ಪಾಪ, ಪಾಲಯ್ಯನಿಗೆ ತಾನು ಭಾಷೆ ಬದಲಿಸಿದ್ದು ತಿಳಿದೇ ಇರಲಿಲ್ಲ. ಎದುರು ಪಕ್ಷದವರು ಮೇಜು ತಟ್ಟಿ ನಕ್ಕರು. ನರಸಿಂಹರಾಯರು ಕನ್ನಡಕ ತೆಗೆದು ಒರೆಸತೊಡಗಿದರು.

ಅಯ್ಯಣ್ಣನವರು ಎದ್ದು, ಸಾಕ್ಷಿಗೆ ಒಂದು ಮಾತು ಕೇಳಲು ಅಪ್ಪಣೆ ಬೇಡಿದರು. “ಪಾಲಯ್ಯ, ಹೇಣ್ತಿ ಕೂಡ ಯಾವ ಮಾತಿನಾಗ ಜಗಳಾಡ್ತಿ?”

“ನಾ ಎಲ್ಲಿ ಆಡ್ತೀನಿ ಅಯ್ಯಣ್ಣೋರ? ಆಕಿ ಆಡ್ತಾಳ. ಕನ್ನಡದಾಗ. ನಾ ಸುಮ್ನ ಕೇಳ್ತೀನಿ.”

ಈ ಸಲ ಎರಡೂ ಕಡೆಯವರು ನಕ್ಕರು. ದುಭಾಷಿ ಹೇಳಿದ ಮೇಲೆ ಅಧಿಕಾರಿಗಳೂ ನಕ್ಕರು. ಆಗ ಅಯ್ಯಣ್ಣನವರು, ತಾವೂ ತೆಲುಗಿನಲ್ಲಿಯೇ ಎಣಿಸುವುದಾಗಿಯೂ, ಬೈಯುವಾಗ ಉರ್ದು ಬಳಸುವುದಾಗಿಯೂ, ಇವೆಲ್ಲ ಈ ಮಣ್ಣಿನವೇ ಆಗಿದ್ದು ಇಲ್ಲಿಯೇ ಉಳಿಯುವವೆಂದೂ, ಆದರೆ ಹೆಚ್ಚು ಜನ ಮನೆಯಲ್ಲಿ ಆಡುವ ಮಾತಿನಲ್ಲಿ ಆಡಳಿತ ನಡೆಯಲೆಂಬುದಷ್ಟೇ ತಮ್ಮ ಬೇಡಿಕೆಯೆಂದೂ ಹೇಳಿದರು.

ಹೊರಗೆ ಬಂದ ಕೂಡಲೆ ನರಸಿಂಹರಾಯರು ಹಿಡಿದರು. “ಏನ್ ಮಾಡಿದ್ರಿ ಅಯ್ಯಣ್ಣ? ತೆಲುಗು ಇಲ್ಲೇ ಉಳೀತದ ಅಂತ ನಮ್ಮ ಬಾಯಿಂದನ ಹೇಳಿಬಿಟ್ರಲ್ಲ.”

“ಸುಳ್ಳು ಹೇಳಾಕ ವಕೀಲ್ರು ನೀವು ಇದ್ರಿ ರಾಯರ. ನನ್ನನ್ಯಾಕ ಎಬ್ಬಿಸಿದ್ರಿ?”

“ನಾ ಎಬ್ಬಿಸಿಲ್ಲ. ನೀವಾ ಎದ್ರಿ.”

ಕೊನೆಗೆ ಬಳ್ಳಾರಿ ಮೈಸೂರಿನ ಪಾಲಿಗೆ ಬಂತು. ಸಿರುಗುಪ್ಪದಲ್ಲಿ ತೋರಣ ಕಟ್ಟಿ ಸಭೆ ಸೇರಿಸಿದರು. ಆ ಸಭೆಯಲ್ಲಿ ಇನ್ನು ತೆಲುಗು ತರಗತಿ ಬೇಡವೆಂದು ಯುವಕರು ಕೂಗಿದರು. ಬೋರ್ಡಿನ ಬಹುಮತವೂ ಅವರ ಕಡೆ ವಾಲಿತು. ಬೋರ್ಡಿನ ಅಧ್ಯಕ್ಷತೆ ಈ ಸಲ ಅಯ್ಯಣ್ಣನವರಿಗೇ ಎಂದು ಎಲ್ಲರೂ ಎಣಿಸಿದ್ದ ಹೊತ್ತು ಅದು. ಅವರು ಎದ್ದು, ತರಗತಿ ಇದ್ದಲ್ಲೇ ಇರುತ್ತದೆ ಎಂದು ಕನ್ನಡದಲ್ಲಿ ಹೇಳಿ, ವಾಡಿಕೆಯಂತೆ ತೆಲುಗಿಗೆ ಹೊರಳಿದರು. “ಕನ್ನಡದಾಗ ಮಾತಾಡ್ರಿ” ಎಂಬ ಕೂಗು ಎದ್ದಿತು. ಅವರು ಜಗಳಕ್ಕೆ ಹೋಗಲಿಲ್ಲ. ವೇದಿಕೆಯಿಂದಿಳಿದು, ಅಂಚಿನಲ್ಲಿ ನಿಂತಿದ್ದ ಕಾಲುವೆ ಕೂಲಿಕಾರರ ಬಳಿಗೆ ನಡೆದು, ಅಲ್ಲಿಯೇ ನಿಂತು ಮಾತು ಮುಗಿಸಿದರು. ವೇದಿಕೆಯ ಮೇಲೆ ಅವರ ಹಾರ ಕುರ್ಚಿಯ ತೋಳಿಗೆ ನೇತಾಡುತ್ತಿತ್ತು.

ಆ ವಾರವೇ ನರಸಿಂಹರಾಯರು ತೆಕ್ಕಲಕೋಟೆಗೆ ಬಂದರು. ಬಹುಮತದವರ ಮಾತನ್ನು ತಲುಪಿಸುವುದು ಅವರ ಪಾಲಿಗೆ ಬಂದಿತ್ತು. ಜಗಲಿಯ ಮೇಲೆ ಕುಳಿತು ನೀರು ಕುಡಿದು, ಮಳೆ ಬೆಳೆ ವಿಚಾರಿಸಿ, ಕೊನೆಗೆ ಹೇಳಿದರು: “ತರಗತಿ ಇಟ್ಕೋತೀವಿ ಅಂತಾರ. ಆದ್ರ ನೀವು ಬೋರ್ಡಿನೊಳಗ ಇರಬಾರದು. ಹೇಳ್ಲಿಕ್ಕೆ ನನಗ ನಾಚಿಕಿ ಆಗ್ತದ.”

ಅಯ್ಯಣ್ಣನವರು ಎಲೆಗೆ ಸುಣ್ಣ ಸವರಿ ಮಡಚಿದರು. ಆಮೇಲೆ ಅಂದರು: “ನಾಚಿಕಿ ಯಾಕ್ರಿ, ಯಾಪಾರ ಚಲೋ ಐತಿ. ತರಗತಿ ಠರಾವು ಮೊದಲು ಆಗ್ಲಿ. ನನ್ನ ರಾಜೀನಾಮಿ ಆಮ್ಯಾಲೆ. ಹಿಂದ ಮುಂದ ಆದ್ರ ನಿಮ್ಮ ಮಂದಿ ಮರೀತಾರ.”

ಹಾಗೆಯೇ ಆಯಿತು. ಸುದ್ದಿ ತಿಳಿದ ಯಂಕಮ್ಮ ಕೃತಜ್ಞತೆ ಹೇಳಲು ಹೋದವರು ಬಾಗಿಲಲ್ಲಿಯೇ ಅತ್ತರು. “ನನ್ನ ಸಲುವಾಗಿ ಕುರ್ಚಿ ಬಿಟ್ರಿ. ಈ ಭಾರ ನಾ ಹೆಂಗ ಹೊರ್ಲಿ ಅಯ್ಯಣ್ಣೋರ?”

“ನಿನ್ನ ಸಲುವಾಗಿ ಯಾರು ಬಿಟ್ರು? ಅಳಬ್ಯಾಡ, ಮನ್ಯಾಗಿನಾಕಿ ನಾ ಬೈದೆ ಅನ್ಕೋತಾಳ.” ಅವರು ದನಿ ತಗ್ಗಿಸಿದರು. “ನಮ್ಮ ಮಾತು ಬಾರದ ಆಫೀಸಿನ ಮುಂದ ಅರ್ಜಿ ಹಿಡ್ಕೊಂಡು ನಿಂತೋನು ನಾನು. ಅದಕ್ಕ ಊರೂರು ತಿರುಗಿದೆ. ಇವತ್ತು ಆ ಆಫೀಸು ನಮ್ಮದಾತು. ನಾ ನಿಂತ ಜಾಗಕ್ಕ ನಿನ್ನ ಹುಡುಗ್ರನ್ನ ನಿಲ್ಲಿಸಿದ್ರ, ಬದಲಾಗಿದ್ದೇನಮ್ಮ, ಬಾಗಿಲ ಮ್ಯಾಗಿನ ಬೋರ್ಡು ಅಷ್ಟ?”

ಅಯ್ಯಣ್ಣನವರ ರಾಜಕೀಯ ವಿಚಾರಗಳನ್ನು ಕುರಿತು ಈ ಸಂಪುಟದಲ್ಲಿ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ಯಂಕಮ್ಮನವರು ಕೇಳಿಸಿಕೊಂಡ ಆ ನಾಲ್ಕು ಮಾತಿಗಿಂತ ಹೆಚ್ಚಿನದನ್ನು ಯಾರೂ ಬರೆದಂತೆ ತೋರುವುದಿಲ್ಲ.

ತರಗತಿ ಈ ಜೂನಿನಲ್ಲಿಯೂ ತೆರೆಯಿತು. ಮೊದಲ ಮಳೆಗೆ ಕೋಣೆಯ ತಗಡು ಸೋರಿತು. ಈಗ ಯಾವ ಅಧಿಕಾರವೂ ಇಲ್ಲದ ಅಯ್ಯಣ್ಣನವರು ಬಸ್ಸು ಹಿಡಿದು ಬಳ್ಳಾರಿಗೆ ಬಂದು, ಬೋರ್ಡಿನ ಕಚೇರಿಯ ವರಾಂಡದಲ್ಲಿ ಉಳಿದ ಅರ್ಜಿದಾರರೊಡನೆ ನಿಂತರು. ಜವಾನ ಗಾಬರಿಯಾಗಿ ಒಳಗೆ ಬಂದು ಕೂಡಲು ಕರೆದರೆ, “ಬ್ಯಾಡಪ, ಒಳಗ ಕುಂತ್ರ ಚಾ ಕುಡಿಸಿ ಕಳಸ್ತಾರ. ಇಲ್ಲೇ ನಿಂತ್ರ ತಗಡು ಕೊಡ್ತಾರ” ಎಂದು ಕಂಬಕ್ಕೆ ಒರಗಿದರು. ಹೋದ ವಾರವೂ ಅಲ್ಲಿಯೇ ಇದ್ದರು.

ಇಂಥ ಲೇಖನದ ಕೊನೆಯಲ್ಲಿ ಶತಾಯುಷಿಗಳಾಗಲೆಂದು ಹಾರೈಸುವುದು ಸಂಪ್ರದಾಯ; ಅದು ಎಲ್ಲರ ಹಾರೈಕೆಯೂ ಹೌದು. ಯಂಕಮ್ಮನವರದು ಅದಕ್ಕಿಂತ ಸಣ್ಣದು. ತಗಡು ಬರುವತನಕ ಆ ವರಾಂಡದಲ್ಲಿ ನಿಲ್ಲುವ ಶಕ್ತಿ ಅಯ್ಯಣ್ಣನವರ ಕಾಲುಗಳಿಗಿರಲಿ. ತಗಡು ಬಂದ ಮೇಲೆ ಶಾಲೆಯ ಬಾವಿಗೆ ಕಟ್ಟೆ ಕೇಳುವುದಿದೆ.