ಬೇಕೆಂದೇ ಒಡೆದ ಕೊಬ್ಬರಿ

ನಮ್ಮ ಮನೆಯ ಅಟ್ಟದ ತುಂಬ ತೆಂಗಿನಕಾಯಿ ಇತ್ತು, ನಮಗೆ ತಿನ್ನಲು ಕೊಬ್ಬರಿ ಇರಲಿಲ್ಲ. ಹೀಗೆಂದರೆ ಮೊಮ್ಮಕ್ಕಳು ನಂಬುವುದಿಲ್ಲ. ಶೆಟ್ಟಿಕೆರೆ ಕಡೆಯ ನನ್ನ ವಯಸ್ಸಿನವರು ನಂಬುತ್ತಾರೆ. ಕಾಯಿ ಒಂದು ವರ್ಷ ಅಟ್ಟದ ಮೇಲೆ ಕೂತು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಕರಟ ಒಡೆದು, ಕೊಬ್ಬರಿಯನ್ನು ಇಡೀ ಉಂಡೆಯಾಗಿ ತೆಗೆದು ತಿಪಟೂರಿಗೆ ಕಳಿಸುತ್ತಿದ್ದರು. ಹೋಳಾದದ್ದಕ್ಕೆ ಬೆಲೆ ಕಡಿಮೆ, ಆದರೂ ಅದೂ ಚೀಲಕ್ಕೇ ಹೋಗುತ್ತಿತ್ತು. ಕೌಟು ಹಿಡಿದದ್ದು ಮಕ್ಕಳಿಗೆ. ತಿಂದರೆ ಬಾಯೆಲ್ಲ ಹಳೇ ಎಣ್ಣೆಯ ವಾಸನೆ.

ಎಪ್ಪತ್ತೈದು ಎಪ್ಪತ್ತಾರರ ಮಾತು. ನಾಲ್ಕನೇ ಕ್ಲಾಸಿಗೇ ನನ್ನ ಶಾಲೆ ಬಿಡಿಸಿದ್ದರು. ಆ ವರ್ಷ ಅವ್ವ ನನ್ನ ಕೈಗೆ ಮಚ್ಚು ಕೊಟ್ಟಳು. ನಮ್ಮಲ್ಲಿ ಕರಟ ಒಡೆಯುವುದು ಹೆಂಗಸರ ಕೆಲಸ. ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತ ಮಚ್ಚಿನಿಂದ ಸುತ್ತಲೂ ತಟ್ಟಬೇಕು. ಕರಟ ಬಿರಿಯಬೇಕು, ಉಂಡೆಗೆ ಪೆಟ್ಟಾಗಬಾರದು. ನನಗೆ ಮೂರೇ ದಿನಕ್ಕೆ ಅದು ಕೈಗೆ ಬಂತು. ದೊಡ್ಡ ಹೆಂಗಸರ ಸಾಲಿನಲ್ಲಿ ನನಗೂ ಒಂದು ಮಣೆ ಹಾಕಿದರು. ಶಾಲೆ ಬಿಟ್ಟ ಮೇಲೆ ನನ್ನದು ಅಂತ ಇದ್ದದ್ದು ಆ ಜಾಗ ಒಂದೇ.

ಆದರೆ ಬೆಳಗಿನಿಂದ ಸಂಜೆತನಕ ಘಮ್ಮೆನ್ನುವ ಉಂಡೆಗಳು ಕೈಯಲ್ಲಿ ಹಾದು ಹೋಗುತ್ತವೆ, ಬಾಯಿಗೆ ಒಂದೂ ಇಲ್ಲ. ಒಂದು ದಿನ ಕೇಳಿಯೇ ಬಿಟ್ಟೆ.

"ಅವ್ವ, ಒಂದೇ ಒಂದು ಕೊಡವ್ವ."

"ಕೊಬ್ರಿ ತಿನ್ನಾಕೆ ನೀನೇನು ಬಾಣಂತಿಯೇನೇ?" ಅಂದಳು. ಹೆಂಗಸರೆಲ್ಲ ನಕ್ಕರು.

ನನಗೆ ರೋಷ ಬಂತು. ಹೋಳಾದರೆ ಒಂದು ಚೂರಾದರೂ ಕೊಟ್ಟಾರು ಅಂತ, ಮುಂದಿನ ಕಾಯಿಗೆ ಬೇಕೆಂದೇ ಜೋರಾಗಿ ಹೊಡೆದೆ. ಉಂಡೆ ಎರಡಾಯಿತು. ಅಪ್ಪ ಅಲ್ಲೇ ಕೂತು ಚೀಲ ಹೊಲಿಯುತ್ತಿದ್ದ, ತಲೆಯೆತ್ತಿ ನೋಡಿದ.

"ಕೈ ಜಾರ್ತು ಕಣಪ್ಪ" ಅಂದೆ.

ಅಪ್ಪ ಬೈಯಲಿಲ್ಲ. ಹೋಳುಗಳನ್ನು ಎತ್ತಿ ಹೋಳಿನ ಚೀಲಕ್ಕೆ ಹಾಕಿ, ಅವ್ವನ ಕಡೆ ತಿರುಗಿ, "ಇವಳ ಕೈ ಇನ್ನೂ ನೆಟ್ಟಗಿಲ್ಲ ಕಣೇ. ಮಚ್ಚು ಇಸ್ಕೊ. ಕರಟ ಹೊರ್ಲಿ ಬುಡು" ಅಂದ.

ಎರಡು ದಿನ ಮಂಕರಿಯಲ್ಲಿ ಕರಟ ಹೊತ್ತೆ. ನನ್ನ ಮಣೆಯ ಮೇಲೆ ಬೇರೆ ಹೆಂಗಸು ಬಂದು ಕೂತಳು. ದಿನಕ್ಕೆ ನಾಲ್ಕೈದು ಉಂಡೆಯನ್ನಾದರೂ ಹಾಳು ಮಾಡುತ್ತಿದ್ದಳು. ಅವಳ ಒರಟು ಏಟು ಕೇಳಿದರೆ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಕೊಬ್ಬರಿಯ ಆಸೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಳ್ಳಿ ಅನ್ನಿಸಿಕೊಂಡರೂ ಆದೀತು, ಕೈಲಾಗದವಳು ಅನ್ನಿಸಿಕೊಂಡು ಇರಲಾರೆ ಅನ್ನಿಸಿತು.

ಮೂರನೇ ದಿನ ಬೆಳಿಗ್ಗೆ ಅಪ್ಪನ ಮುಂದೆ ಹೋಗಿ ನಿಂತೆ. "ಅವತ್ತು ಕೈ ಜಾರ್ಲಿಲ್ಲ ಕಣಪ್ಪ. ತಿನ್ನಾಕೆ ಅಂತ ಬೇಕೂಂತ್ಲೇ ಒಡ್ದೆ."

ಬೆನ್ನಿಗೆ ಒಂದು ಬಿತ್ತು. ಚೆನ್ನಾಗಿಯೇ ಬಿತ್ತು. ಆಮೇಲೆ ಅಪ್ಪ ಒಳಗೆ ಹೋಗಿ ಮಚ್ಚು ತಂದು ನನ್ನ ಕೈಗಿಟ್ಟ.

"ಅವತ್ತೇ ಹೇಳಾಕೆ ಏನಾಗಿತ್ತು ನಿಂಗೆ? ನಾನು ಕೈಯೇ ಕೆಟ್ಟೋಯ್ತು ಅನ್ಕೊಂಡಿದ್ದೆ. ಹೋಗು, ಕುತ್ಕೊ."

ಕೊಬ್ಬರಿ ಮಾತ್ರ ಕೊಡಲಿಲ್ಲ. ಅಪ್ಪ ಅವ್ವ ಇಬ್ಬರೂ ಒಂದು ದಿನವೂ ತಿಂದದ್ದನ್ನು ನಾನು ಕಂಡಿರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ನನ್ನ ಮಕ್ಕಳು ಕೇಳಿದಾಗ ನಾನೇ "ಇಲ್ಲ" ಅನ್ನುವ ಕಾಲಕ್ಕೆ. ಅವತ್ತು ಅದೆಲ್ಲ ಯೋಚಿಸಲಿಲ್ಲ. ಆ ಹೆಂಗಸನ್ನು ಎಬ್ಬಿಸಿ ನನ್ನ ಜಾಗದಲ್ಲಿ ಕೂತೆ. ಸಂಜೆತನಕ ಒಂದು ಉಂಡೆಯೂ ಹೋಳಾಗಲಿಲ್ಲ.