ಎಡಗಡೆಯ ಸೀಟು

ನನ್ನ ದುಡಿಮೆಯ ಮೊದಲ ಕಾರು ಒಮ್ಮೆಯೂ ಕೈಕೊಟ್ಟಿಲ್ಲ. ಹೇಳಿಕೊಳ್ಳುವಂಥ ಅಂದವೂ ಅದಕ್ಕಿಲ್ಲ. ಹೊಲಿಗೆ ಅಂಗಡಿ ದೊಡ್ಡದಾಯಿತು, ಕಾರೂ ದೊಡ್ಡದಾಗಲಿ ಎಂದು ಮಾರಾಟಕ್ಕೆ ಜಾಹೀರಾತು ಹಾಕಿದೆ. ಕಮ್ಮನಹಳ್ಳಿಯಿಂದ ಬಂದ ಗಿರಾಕಿ ಓಡಿಸಿ ನೋಡುತ್ತೇನೆಂದು ಕೀಲಿ ಪಡೆದರು. ನಾನು ಎಡಗಡೆ ಕೂತೆ.

"ಈ ಸೀಟು ಹೊಸದರ ಥರಾನೇ ಇದೆಯಲ್ಲ ಮೇಡಂ, ಯಾರೂ ಕೂರಲ್ವಾ?"

"ಬಟ್ಟೆ ಗಂಟು ಕೂರುತ್ತೆ," ಅಂದೆ.

ನಾನೂ ಅಲ್ಲಿ ಕೂತದ್ದು ಅದೇ ಮೊದಲು. ಹಲಸೂರು ಕೆರೆಯನ್ನು ದಿನಾ ದಾಟುತ್ತೇನೆ. ಅದರ ನಡುವೆ ದ್ವೀಪಗಳಿರುವುದು ಅವತ್ತು ಕಂಡಿತು.

"ಗಾಡಿ ಚೆನ್ನಾಗಿದೆ. ವಾಪಸ್ ಹೋಗೋಣ್ವಾ?"

"ಇನ್ನೊಂದು ರೌಂಡ್ ಹಾಕಿ ರೀ, ಕ್ಲಚ್ ಸರಿಯಾಗಿ ನೋಡ್ಕೊಳ್ಳಿ."

ಅವರು ಕೊಳ್ಳಲು ಒಪ್ಪಿದರು, ನಾನೇ ಕಾರು ಕೊಡಲಿಲ್ಲ. ಜಾಹೀರಾತನ್ನು ಮಾತ್ರ ಇನ್ನೂ ತೆಗೆದಿಲ್ಲ. ಓಡಿಸಿ ನೋಡಬೇಕು ಅಂದವರಿಗೆಲ್ಲ ಬನ್ನಿ ಅನ್ನುತ್ತೇನೆ.