ಪೇಂಟರ್ ಮುಟ್ಟಿದ ಭಂಡಾರ

ನಮ್ಮ ಪೇಂಟರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಎಂದೂ ಒಂದೇ ಬಣ್ಣದ್ದಾಗಿರುತ್ತಿರಲಿಲ್ಲ. ಕಲಸಿದ ಬಣ್ಣ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡಲು ಬ್ರಶ್ಶನ್ನು ಮೊದಲು ಆ ಕೈಯ ಮೇಲೆ ಎಳೆಯುತ್ತಿದ್ದರು. ಸಂಜೆ ಚಹಾದಂಗಡಿಗೆ ಬಂದು ಕೂತರೆ ಆ ಕೈ ನೋಡಿಯೇ ಇವತ್ತು ಏನು ಕೆಲಸವಾಯಿತೆಂದು ನಾವು ಹೇಳಿಬಿಡುತ್ತಿದ್ದೆವು. ನೀಲಿ, ಬಿಳಿ ಇದ್ದರೆ ಯಾವುದೋ ಅಂಗಡಿಯ ಬೋರ್ಡು. ಕೆಂಪು, ಕಪ್ಪು ಇದ್ದರೆ ಲಾರಿಯ ಹಿಂಬದಿ. ಮನೆಯಾಕೆ ಸೀಮೆಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಬೇಸತ್ತು ಬಿಟ್ಟುಬಿಟ್ಟಿದ್ದರಂತೆ.

ಚಹಾದಂಗಡಿ ಕುಷ್ಟಗಿಯ ಕ್ರಾಸಿನಲ್ಲಿತ್ತು. ಕೂಡುತ್ತಿದ್ದವರು ನಾವು ಮೂವರು. ಎಂಟು ಕಿಲೋಮೀಟರ್ ಆಚೆಯ ಹಳ್ಳಿಯ ಸರ್ಕಾರಿ ಶಾಲೆಯ ಮಾಸ್ತರನಾದ ನಾನು, ನೌಕರಿ ಮುಗಿಸಿದ ಬಸ್ ಕಂಡಕ್ಟರ್ ಒಬ್ಬರು, ಮತ್ತು ಈ ಪೇಂಟರ್. ಪೇಂಟರ್ ತಳಕಲ್ ಕಡೆಯವರು. ಹರೆಯದಲ್ಲಿ ಗಂಗಾವತಿಯ ಟಾಕೀಸಿಗೆ ಬ್ಯಾನರ್ ಬರೆಯುತ್ತಿದ್ದರು. ಪ್ಲಾಸ್ಟಿಕ್ ಬ್ಯಾನರು ಬಂದು ಆ ವಿದ್ಯೆಗೆ ಎಳ್ಳುನೀರು ಬಿಟ್ಟ ಮೇಲೆ ಕುಷ್ಟಗಿಗೆ ಬಂದು ಬೋರ್ಡು, ಗೋಡೆ, ನಂಬರ್ ಪ್ಲೇಟಿನಲ್ಲಿ ಹೊಟ್ಟೆ ಹೊರೆದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನನ್ನನ್ನು ‘ಮಾಸ್ತರ’ ಎಂದೇ ಕರೆಯುತ್ತಿದ್ದರು, ಬಹುವಚನ ಬಿಟ್ಟು ಮಾತಾಡಲಿಲ್ಲ.

ನಮ್ಮ ಮಾತಿಗೆ ತಲೆ ಇಲ್ಲ, ಬುಡ ಇಲ್ಲ. ಕಿನ್ನಾಳದ ಗೊಂಬೆಯ ಕಣ್ಣಿನಿಂದ ಶುರುವಾಗಿ, ಆನೆಗುಂದಿಯ ಬೆಟ್ಟದಲ್ಲಿ ಕರಡಿ ಇಳಿಯುವ ಹೊತ್ತಿಗೆ ಹೊರಳಿ, ಹಳೆಯ ಪಿಚ್ಚರಿನ ಯಾವುದೋ ಹಾಡಿನಲ್ಲಿ ಹೋಗಿ ಬೀಳುತ್ತಿತ್ತು. ಕಂಡಕ್ಟರಿಗೆ ಹಳೆಯ ಪಿಚ್ಚರೆಂದರೆ ಜೀವ. ಒಮ್ಮೆ ಯಾವುದೋ ಹಾಡು ಗುನುಗಿ, “ಆ ನಾಯಕಿ ಹಿಂದ ಇತ್ತಲ್ಲ, ಎಂಥಾ ಚಂದದ ಗುಡ್ಡ” ಅಂದರು.

ಪೇಂಟರ್ ಚಹಾದ ಗ್ಲಾಸು ಕೆಳಗಿಟ್ಟರು. “ಅದು ಗುಡ್ಡ ಅಲ್ಲೋ ಮಾರಾಯ. ಬಣ್ಣದಾಗ ಗುಡ್ಡ ಬರದ ಪರದಾ. ಗುಡ್ಡದ ನೆಳ್ಳು ಎಡಕ್ಕ ಬಿದ್ದೈತಿ, ಆಕಿ ನೆಳ್ಳು ಬಲಕ್ಕ ಬಿದ್ದೈತಿ. ಎರಡು ಸೂರ್ಯ ಇದ್ದಾವೇನು ನಿಮ್ಮ ಪಿಚ್ಚರಿನಾಗ?”

“ಮೂವತ್ತು ವರ್ಷದಿಂದ ಆ ಹಾಡು ಹಾಡಾಕ ಹತ್ತೀನಿ. ಒಂದ ಮಾತಿನ್ಯಾಗ ಕೆಡಿಸಿಬಿಟ್ಟಿ ನೋಡು” ಎಂದು ಕಂಡಕ್ಟರ್ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಬಿಸಿ ಮಿರ್ಚಿ ತರಿಸಿ ರಾಜಿಯಾಯಿತು.

ಕಾಣದ್ದನ್ನು ಪೇಂಟರ್ ಬರೆಯುತ್ತಿರಲಿಲ್ಲ. “ಕಂಡಿದ್ದು ಬರೀತೀನ್ರಿ, ಕೇಳಿದ್ದು ಬರಿಯಾಂಗಿಲ್ಲ” ಎನ್ನುವುದು ಅವರ ಮಾತು. ಹುಲಿ ಬರೆಸಲು ಬಂದವನನ್ನು ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಊರವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ನಾಲಿಗೆಗೆ ಕೊಂಚ ಉದ್ದ ಜಾಸ್ತಿ, ಯಾರನ್ನಾದರೂ ಕೆಣಕದೆ ನನಗೆ ಚಹಾ ಇಳಿಯುತ್ತಿರಲಿಲ್ಲ. ಆ ನಾಲಿಗೆಯಿಂದಲೇ ಮುಂದೆ ಎಲ್ಲ ಕೆಟ್ಟಿತು.

ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ವಾರ. ಪೇಂಟರ್ ನನ್ನೊಬ್ಬನನ್ನೇ ಬದಿಗೆ ಕರೆದು, “ಒಂದು ಜಾಗಾ ತೋರಿಸ್ತೀನಿ. ಕಂಡಕ್ಟರಿಗೂ ಹೇಳೂದು ಬ್ಯಾಡ, ಅಂವನ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ” ಅಂದರು. ಮರುದಿನ ಬೆಳಗಾಗುವ ಮುಂಚೆ ಅವರ ಮೊಪೆಡ್ಡಿನ ಹಿಂದೆ ಕೂತು ಯಲಬುರ್ಗಾ ದಾರಿಯಲ್ಲಿ ಹೋದೆ. ರಸ್ತೆ ಬಿಟ್ಟು ಒಳಗೆ ನಡೆದು ಜಾಲಿ ಕಂಟಿಯ ಮರೆಯಲ್ಲಿ ಕೂತೆವು. ಎದುರಿಗೆ ಕುರುಚಲು ಗುಡ್ಡ. ಅದರ ನಡುವೆ ಬುಡದವರೆಗೆ ಎರಡು ಹೋಳಾದ ಒಂದು ದೊಡ್ಡ ಗುಂಡುಕಲ್ಲು. ಬಿರುಕಿನಲ್ಲಿ ಒಂದು ಬಾರಿಹಣ್ಣಿನ ಗಿಡ ಸೊಟ್ಟಗೆ ಬೆಳೆದಿತ್ತು. ಗಿಡದ ಕೆಳಗೆ ಗವಿಯ ಬಾಯಿ.

ಬಿಸಿಲು ಬೀಳುತ್ತಲೇ ನಾಲ್ಕು ತೋಳದ ಮರಿ ಹೊರಗೆ ಬಂದವು. ಒಂದರ ಕಿವಿ ಒಂದು ಕಚ್ಚುತ್ತ ಉರುಳಾಡಿದವು. ಸ್ವಲ್ಪ ಹೊತ್ತಿಗೆ ತಾಯಿ ಬಂದಿತು. ನಾವಿದ್ದ ದಿಕ್ಕಿಗೆ ಮೂಗೆತ್ತಿ ನಿಂತಿತು. ಪೇಂಟರ್ ನನ್ನ ತೊಡೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಅವರ ಕಣ್ಣಲ್ಲಿ ನೀರಿತ್ತು. ವಾಪಸು ಬರುವಾಗ ಒಂದೇ ಮಾತು ಆಡಿದರು: “ಯಾರಿಗೂ ಹೇಳಬ್ಯಾಡ್ರಿ ಮಾಸ್ತರ. ಕುರಿಯವರಿಗೆ ಗೊತ್ತಾದ್ರ ಬೆಂಕಿ ಹಚ್ತಾರ. ಅವರದೂ ತಪ್ಪಿಲ್ಲ, ಅವರ ಮರಿ ಒಯ್ತಾವಲ್ಲ.”

ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಇಷ್ಟು ಕೆಡುತ್ತಿರಲಿಲ್ಲವೇನೋ.

ಅದೇ ತಿಂಗಳು ನಮ್ಮ ಶಾಲೆಯ ರಸ್ತೆಯ ಕಡೆಯ ಗೋಡೆಗೆ ಕಾಡುಪ್ರಾಣಿಯ ಚಿತ್ರ ಬರೆಸಬೇಕೆಂದು ಇಲಾಖೆಯಿಂದ ಆದೇಶ ಬಂತು. ನಾನು ಪೇಂಟರನ್ನೇ ಕರೆಸಿದೆ. ತೋಳ ಬರೆಯಿರಿ ಅಂದೆ. ಒಪ್ಪಿದರು. ಹಿಂದೆ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಎಲ್ಲ ಶಾಲೆಯ ಗೋಡೆಯ ಮೇಲೂ ಇರುತ್ತದಲ್ಲ, ಅದನ್ನೇ ಗೆರೆ ಹಾಕಿದರು.

“ಇದೇನ್ರಿ ಪೇಂಟರ್ರ, ಇದು ಯಾವೂರ ಗುಡ್ಡ? ಕಂಡಿದ್ದು ಬರೀತೀನಿ ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತೀರಿ. ಆ ನಾಯಕಿ ಹಿಂದಿನ ಪರದಾಕ್ಕ ಬೈದೋರು, ಈಗ ನೀವ ಪರದಾ ಬರಿಯಾಕ ಹತ್ತೀರಲ್ಲ.”

“ಬ್ಯಾಡ್ರಿ ಮಾಸ್ತರ. ತ್ವಾಳ ಅಷ್ಟ ಖರೇದು ಇರ್ಲಿ, ಗುಡ್ಡ ಸುಳ್ಳ ಇರ್ಲಿ.”

“ಅಂದ್ರ ಬರಿಯಾಕ ಬರಂಗಿಲ್ಲ ಅನ್ರಿ.”

ಅವರು ನನ್ನ ಮುಖ ನೋಡಿದರು. ಗುಡ್ಡ, ಸೂರ್ಯ ಎಲ್ಲ ಅಳಿಸಿದರು. ಎರಡು ದಿನದಲ್ಲಿ ಗೋಡೆಯ ಮೇಲೆ ಆ ಹೋಳಾದ ಗುಂಡುಕಲ್ಲು ಎದ್ದು ನಿಂತಿತು. ಸೊಟ್ಟ ಬಾರಿಗಿಡ, ಕೆಳಗಿನ ಕತ್ತಲೆಯ ಬಾಯಿ, ಮುಂದೆ ತೋಳ. ಒಂದು ಕಲ್ಲೂ ಆಚೀಚೆ ಇರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ರಸ್ತೆಯಲ್ಲಿ ದಿನವೂ ಕುರಿ ಹೋಗುತ್ತವೆ, ಆ ಗುಡ್ಡದ ಒಂದೊಂದು ಕಲ್ಲೂ ಕುರಿಯವರಿಗೆ ಮನೆಯ ಹೊಸ್ತಿಲಿದ್ದಂತೆ ಎಂಬುದು ನನ್ನ ಓದಿದ ತಲೆಗೆ ಹೊಳೆಯಲಿಲ್ಲ.

ಮೂರನೆಯ ದಿನ, ಹನ್ನೊಂದರ ಹೊತ್ತು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಪೇಂಟರ್ ಏಣಿಯ ಮೇಲೆ ನಿಂತು ಆಕಾಶಕ್ಕೆ ಬಣ್ಣ ಹಚ್ಚುತ್ತಿದ್ದರು. ರಸ್ತೆಯಲ್ಲಿ ಕುರಿಯ ಹಿಂಡು ಬಂತು. ಹಿಂದೆ ಕರಿಕಂಬಳಿ ಹೊದ್ದ ಯಜಮಾನ, ಅವರ ಮಗ, ತಮ್ಮನ ಮಗ. ಕುರಿ ಮುಂದೆ ಹೋದವು. ಯಜಮಾನ ಹೋಗಲಿಲ್ಲ. ಗೋಡೆಯ ಮುಂದೆ ಕೋಲೂರಿ ನಿಂತರು.

“ಈ ಗುಂಡು ನಾ ನೋಡೀನಿ” ಅಂದರು.

ಮಗ ಹತ್ತಿರ ಬಂದ. “ಯಪ್ಪಾ, ಇದು ನಮ್ಮ ಗುಡ್ಡದ್ದ. ಬಾರಿಗಿಡಾ ನೋಡು.”

ಏಣಿಯ ಮೇಲೆ ಬ್ರಶ್ಶು ನಿಂತಿತ್ತು.

ಯಜಮಾನರು ನನ್ನ ಕಡೆ ತಿರುಗಿದರು. ಅವರ ಮೊಮ್ಮಗಳು ನನ್ನ ಕೈಯಲ್ಲೇ ಅಕ್ಷರ ಕಲಿತವಳು. “ಮಾಸ್ತರ್ರ, ವಾರದಾಗ ಮೂರು ಕುರಿಮರಿ ಒಯ್ದೈತ್ರಿ ತ್ವಾಳ. ಎಲ್ಲೆ ಮಲಗ್ತೈತಿ ಅಂತ ಹುಡುಕಿ ಹುಡುಕಿ ಸಾಕಾಗೇತಿ. ಗುಂಡಿನ ಬುಡಕ ಗವಿ ಐತೇನ್ರಿ? ಅದರಾಗ ತ್ವಾಳದ ಮರಿ ಅದಾವೇನು?”

“ಅದು ಚಿತ್ರಾರಿ, ಯಜಮಾನ್ರ” ಅಂದೆ.

“ಚಿತ್ರಾ ನನಗೂ ಕಾಣಸ್ತೈತ್ರಿ. ಖರೇ ಏನು ಹೇಳ್ರಿ.”

“ಕೇಳೂದೇನು ಯಪ್ಪಾ? ಜ್ವಾಳದ ಒಣ ಸೊಪ್ಪಿ ಹೊತ್ಕೊಂಡು ಹೋಗಿ ಗವಿ ಬಾಯಿಗೆ ತುಂಬಿ ಕಡ್ಡಿ ಗೀರಿದ್ರ ಮುಗೀತು” ಅಂದ ಮಗ.

“ತಡಿಯೋ. ಮಾಸ್ತರ್ರು ಹೇಳ್ಲಿ.” ಯಜಮಾನರು ಸೊಂಟದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಗೆ ಭಂಡಾರ, ಮೈಲಾರಲಿಂಗನ ಅರಿಶಿನ ಪುಡಿ. ನಮ್ಮ ಕಡೆ ಅದನ್ನು ಮುಟ್ಟಿ ಆಡಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಪಂಚರೂ ಕೇಳುವುದಿಲ್ಲ, ಪೊಲೀಸರೂ ಬೇಡ. “ಇದನ್ನ ಮುಟ್ಟಿ ಇಲ್ಲ ಅನ್ರಿ. ನಾ ಹೊಳ್ಳಿ ಹೋಗ್ತೀನಿ.”

ನಿಜ ಹೇಳಿದರೆ ನಾಲ್ಕು ಮರಿ ಸುಟ್ಟು ಹೋಗುತ್ತವೆ. ಸುಳ್ಳು ಹೇಳಿದರೆ ಈ ಮನುಷ್ಯನ ಕುರಿಮರಿ ಹೋಗುತ್ತವೆ, ಜೊತೆಗೆ ದೇವರ ಮುಂದೆ ನಾನು ಸುಳ್ಳನಾಗುತ್ತೇನೆ. ನನಗೆ ದೇವರಲ್ಲಿ ಅಂಥ ಭಕ್ತಿಯೇನೂ ಇರಲಿಲ್ಲ. ಆದರೂ ಕೈ ಅರ್ಧಕ್ಕೆ ಹೋಗಿ ನಿಂತುಬಿಟ್ಟಿತು.

ಏಣಿ ಕಿರುಗುಟ್ಟಿತು. ಪೇಂಟರ್ ಇಳಿದು ಬಂದವರೇ ಮೊಣಕೈಯಿಂದ ನನ್ನ ಕೈ ಬದಿಗೆ ನೂಕಿದರು. “ಬರದಾಂವ ನಾನು. ಅವರನ್ನ ಯಾಕ ಕೇಳ್ತಿ ಯಜಮಾನ? ನನ್ನ ಕೇಳು.”

ಪೇಂಟರ ಮನೆದೇವರು ಅದೇ ಮೈಲಾರಲಿಂಗ. ಪ್ರತಿ ಐತವಾರ ಹಣೆತುಂಬ ಭಂಡಾರ ಬಳಿದುಕೊಂಡೇ ಮನೆ ಬಿಡುವವರು. ಅವರು ಚೀಲದಲ್ಲಿ ಐದೂ ಬೆರಳು ಊರಿದರು. “ಈ ಗುಂಡು ನಾ ಎಲ್ಲೂ ಕಂಡಿಲ್ಲ. ಹಳೇ ಪಿಚ್ಚರಿನ್ಯಾಗ ನಾಯಕಿ ಹಿಂದ ಇದ್ದ ಪರದಾ ಇದು. ಅದನ್ನ ನೋಡಿ ಬರದೀನಿ. ಗವಿ ಇಲ್ಲ, ಮರಿ ಇಲ್ಲ.”

ಯಜಮಾನರು ಅವರ ಕೈಯನ್ನೇ ಬಹಳ ಹೊತ್ತು ನೋಡಿದರು. ಚೀಲದ ಬಾಯಿ ಕಟ್ಟಿದರು.

“ಯಪ್ಪಾ, ನನ್ನ ಕಣ್ಣಾಣಿ ಇದು ಅದ ಗುಂಡು” ಅಂದ ಮಗ.

“ಬಾಯಿ ಮುಚ್ಚು. ಭಂಡಾರ ಮುಟ್ಟಿ ಹೇಳ್ಯಾನ.” ಯಜಮಾನರು ಕುರಿಯ ಹಿಂದೆ ನಡೆದರು.

ನಾನು ಆ ಗುಂಡುಕಲ್ಲು ಕೂಡಲೇ ಅಳಿಸಿಬಿಡಿ ಅಂದೆ. “ಅಳಿಸಿದ್ರ ಒಪ್ಪಿಕೊಂಡಂಗ ಆಕ್ಕೈತ್ರಿ” ಎಂದು ಪೇಂಟರ್ ಏಣಿ ಹತ್ತಿ ಆಕಾಶ ಮುಗಿಸಿದರು. ಕೈ ತೊಳೆಯಲು ನೀರು ಕೊಟ್ಟರೆ ಬೇಡವೆಂದರು.

ಆಮೇಲಿನ ಹದಿನೈದು ದಿನ ಹೇಗೆ ಕಳೆದೆವೋ ನಮಗೇ ಗೊತ್ತು. ಗುಡ್ಡದ ಕಡೆ ಹೋಗಿ ನೋಡುವಂತಿರಲಿಲ್ಲ, ನಾವು ಹೋದದ್ದು ಯಾರಾದರೂ ಕಂಡರೆ ಎಲ್ಲ ಬಯಲಾಗುತ್ತಿತ್ತು. ಕಂಡಕ್ಟರ್ ಪಾಪ ಏನೂ ಅರಿಯದೆ ಹಾಡು ಹೇಳುತ್ತಿದ್ದರು. ನಾವಿಬ್ಬರೂ ಯಲಬುರ್ಗಾ ದಿಕ್ಕಿನಲ್ಲಿ ಹೊಗೆ ಕಂಡೀತೇ ಎಂದು ನೋಡುತ್ತ ಕೂಡುತ್ತಿದ್ದೆವು. ಯಾರೋ ಹೊಲದಲ್ಲಿ ಕಸಕ್ಕೆ ಬೆಂಕಿ ಹಚ್ಚಿದರೂ ಪೇಂಟರ್ ಎದ್ದು ನಿಲ್ಲುತ್ತಿದ್ದರು. ಒಂದು ಸಂಜೆ ಕಂಡಕ್ಟರ್ ಬಂದವರೇ, “ಇವತ್ತು ಮುಂಜಾನಿ ಯಲಬುರ್ಗಾ ದಾರ್‍ಯಾಗ ಏನ್ ಕಂಡೆ ಅಂತೀರಿ? ತ್ವಾಳ. ಹಿಂದ ನಾಕು ಮರಿ. ರಸ್ತೆ ದಾಟಿ ಆ ಕಡಿ ಹೋದ್ವು” ಅಂದರು. ಪೇಂಟರ್ ಗ್ಲಾಸು ಇಟ್ಟು ಹೊರಗೆ ಹೋಗಿ ಕಂಬಕ್ಕೆ ಹಣೆ ಹಚ್ಚಿ ನಿಂತರು. ನಾನು ಖುಷಿಯಿಂದ ಎಲ್ಲರಿಗೂ ಚಹಾ ಹೇಳಿದೆ. ನನಗೆ ಅಲ್ಲಿಗೆ ಮುಗಿದಂತಾಗಿತ್ತು.

ಅವರಿಗೆ ಮುಗಿಯಲಿಲ್ಲ. ಐತವಾರ ಅವರ ಹಣೆ ಬರಿದಾಗಿರತೊಡಗಿತು. ಮನೆಯವರು ಗುಡಿಯ ಒಳಗೆ ಹೋದರೆ ಇವರು ಚಪ್ಪಲಿ ಕಾಯುತ್ತ ಹೊರಗೆ ನಿಲ್ಲುತ್ತಿದ್ದರು. ಯಾರಾದರೂ ಕೇಳಿದರೆ, “ಮೈಗೆ ಬಣ್ಣ ಹತ್ತೈತಿ, ಮೈಲಿಗಿ” ಅನ್ನುತ್ತಿದ್ದರು. ನನ್ನೆದುರು ಒಮ್ಮೆ ಮಾತ್ರ ಬಾಯಿಬಿಟ್ಟರು. “ಪಿಚ್ಚರ್ ಆಗಿದ್ರ ಮರಿ ಉಳಿದ ಕೂಡ್ಲೆ ಶುಭಂ ಅಂತ ತೋರಿಸ್ತಿದ್ರು ಮಾಸ್ತರ. ಇದು ಮುಗೀವಲ್ದು.”

“ತಪ್ಪು ನಂದ್ರಿ, ನಾ ಕೆಣಕಿದ್ದಕ್ಕ ನೀವು ಬರದ್ರಿ” ಅಂತ ನಾನು ಹೇಳಬೇಕಿತ್ತು. ದಿನಕ್ಕೆ ನೂರು ಮಾತು ಆಡುವ ನಾನು, “ಹೋಗ್ಲಿ ಬಿಡ್ರಿ, ಒಂದು ಜೀವ ಉಳಿಸೀರಿ” ಎಂದು ಪಾಠ ಹೇಳಿದೆ. ನನ್ನ ಮೇಲೆ ಅವರು ಒಂದು ದಿನವೂ, ಒಂದೇ ಒಂದು ದಿನವೂ ಬೇಸರ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ವರ್ಷ ಶ್ರಾವಣದಲ್ಲಿ ಅವರು ತೀರಿಕೊಂಡರು. ಎದೆನೋವೆಂದು ಕೊಪ್ಪಳಕ್ಕೆ ಒಯ್ದರಂತೆ, ದಾರಿಯಲ್ಲೇ ಆಗಿಹೋಯಿತು. ಮನೆಯ ಮುಂದೆ ಗೋಡೆಗೆ ಆನಿಸಿ ಕೂಡಿಸಿದ್ದರು. ಜನ ತುಂಬಿದ್ದರು. ಹಿರಿಯರೊಬ್ಬರು ಹಣೆಗೆ ಹಚ್ಚಲು ಭಂಡಾರದ ತಟ್ಟೆ ತಂದಾಗ ಮನೆಯಾಕೆ ಅಡ್ಡ ಬಂದರು. “ಬ್ಯಾಡ್ರಿ. ಸತ್ರೂ ನನಗ ಹಚ್ಚಬಾರ್ದು ಅಂತ ಬಾಯಿಬಿಟ್ಟು ಹೇಳ್ಯಾರ. ಯಾಕಂತ ಕೇಳಿದ್ರ ಹೇಳಲಿಲ್ಲ.” ದೇವರ ಒಕ್ಕಲಾಗಿ ಭಂಡಾರವಿಲ್ಲದೆ ಹೋಗುವುದೆಂದರೇನು ಎಂದು ಗುಸುಗುಸು ಎದ್ದಿತು.

ಅದೇ ಹೊತ್ತಿಗೆ ಕಂಬಳಿ ಹೊದ್ದ ಯಜಮಾನರು ಬಂದು ಹಿಂದೆ ನಿಂತದ್ದನ್ನು ಕಂಡೆ. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರಿಗೆ ಹೇಳಿಬಿಟ್ಟೆ. ಗವಿ ಇದ್ದದ್ದು, ನಾಲ್ಕು ಮರಿ ಇದ್ದದ್ದು, ಬೇಡವೆಂದವರಿಂದ ನಾನು ಹಂಗಿಸಿ ಆ ಗುಂಡುಕಲ್ಲು ಬರೆಸಿದ್ದು, ನಾನು ಆಡಬೇಕಾದ ಸುಳ್ಳನ್ನು ಅವರು ಆಡಿದ್ದು.

ಯಜಮಾನರು ಜನರನ್ನು ಸರಿಸಿ ಮುಂದೆ ಬಂದರು. “ನನಗ ಅವತ್ತ ಗೊತ್ತಾಗಿತ್ರಿ. ಭಂಡಾರ ಮುಟ್ಟಿದ ಕೈ ಅಂವ ಹಣಿಗೆ ಒಯ್ಯಲಿಲ್ಲ. ಮರುದಿನ ಗುಡ್ಡದ ಬುಡಕ್ಕ ಒಬ್ಬನ ಹೋಗಿದ್ದೆ. ಮ್ಯಾಲ ಹತ್ತಲಿಲ್ಲ. ಹತ್ತಿ ನೋಡಿದ್ರ ಇಂವ ದೇವರ ಮುಂದ ಸುಳ್ಳ ಆಗ್ತಿದ್ದ. ಆಮ್ಯಾಲ ನನ್ನ ಮತ್ತ ಎರಡು ಕುರಿಮರಿ ಹೋದ್ವು. ಹೋಗ್ಲಿ ಅಂದೆ.”

ಸೊಂಟದ ಚೀಲ ಬಿಚ್ಚಿ ಮುಷ್ಟಿ ತುಂಬ ಭಂಡಾರ ತೆಗೆದು ಪೇಂಟರ ಹಣೆ, ಕೆನ್ನೆ, ಕೊರಳಿಗೆ ಬಳಿದರು. ಮನೆಯಾಕೆ ಈ ಸಲ ತಡೆಯಲಿಲ್ಲ. ಕೈ ಒರೆಸಿಕೊಂಡು ಯಜಮಾನರು ನನ್ನ ಹತ್ತಿರ ಬಂದರು. ಸಿಟ್ಟು ಇರಲಿಲ್ಲ ಅವರಿಗೆ.

“ಈ ಮಾತು ಅಂವ ಇದ್ದಾಗ ಬಂದು ಹೇಳಬೇಕಿತ್ತು ಮಾಸ್ತರ್ರ. ನಾನ ಬಂದು ಅವನ ಹಣಿಗೆ ಹಚ್ಚತಿದ್ದೆ.”

ಯಜಮಾನರ ಹಟ್ಟಿ ನಮ್ಮ ಶಾಲೆಯಿಂದ ಎರಡು ಕಿಲೋಮೀಟರ್. ಮೂರು ವರ್ಷದಲ್ಲಿ ಒಂದು ದಿನವೂ ನಾನು ಆ ದಾರಿ ಹಿಡಿದಿರಲಿಲ್ಲ.